ಪಿನ್ನಾಚಾರಿ

ಪಾಂಡವಪುರದ ಪೇಟೆ ಬೀದಿಯಲ್ಲಿ ಶಿವು ಅಂದರೆ ಯಾವ ಶಿವು ಎಂದು ಕೇಳುತ್ತಿದ್ದರು. ಪಿನ್ನಾಚಾರಿ ಅಂದರೆ ಕೈ ಹಿಡಿದು ಕರೆತಂದು ಮನೆ ಬಾಗಿಲಿಗೆ ಬಿಡುತ್ತಿದ್ದರು. ಅಕ್ಕಸಾಲಿ ಶ್ರೀನಿವಾಸಾಚಾರಿಯ ಒಬ್ಬನೇ ಮಗ. ಎಡಗಿವಿಗೆ ಒಂದು ಸೇಫ್ಟಿ ಪಿನ್ನು ಸಿಕ್ಕಿಸಿಕೊಂಡು ತಿರುಗುತ್ತಿದ್ದ. ಊರು ತನ್ನನ್ನು ಕಂಡು ಬೆಚ್ಚಿಬೀಳಬೇಕು, ಛೀ ಥೂ ಅನ್ನಬೇಕು, ಹೆತ್ತವರು ತಮ್ಮ ಮಕ್ಕಳನ್ನು ಒಳಗೆಳೆದುಕೊಂಡು ಬಾಗಿಲು ಹಾಕಿಕೊಳ್ಳಬೇಕು ಎಂಬುದು ಅವನ ಆಸೆ. ಜನ ಏನೇನಕ್ಕೋ ಆಸೆಪಡುತ್ತಾರೆ. ಕಾರು, ಸೈಟು, ಮೇಲಿನ ಮನೆಯ ಹುಡುಗಿ. ಇವನು ಪಾಪ ಬೈಗುಳಕ್ಕೆ ಆಸೆಪಟ್ಟ, ಅದನ್ನೂ ಈ ಊರು ಅವನಿಗೆ ಕೊಡಲಿಲ್ಲ.

ಹುಚ್ಚು ಹಿಡಿದದ್ದು ಶ್ರೀರಂಗಪಟ್ಟಣದಲ್ಲಿ, ತೊಂಬತ್ತರ ದಶಕ ಶುರುವಾದ ಹೊಸದರಲ್ಲಿ. ಆಗ ಅಲ್ಲಿ ಸೋದರಮಾವನ ಅಂಗಡಿಯಲ್ಲಿ ಶಿವು ಕೆಲಸ ಕಲಿಯುತ್ತಿದ್ದ. ಮಂಡಿ ಹರಿದ ಪ್ಯಾಂಟಿನ ಒಬ್ಬ ಬಿಳಿಯ ಹುಡುಗ ಮುರಿದ ಕಿವಿಯುಂಗುರ ಹಿಡಿದುಕೊಂಡು ಬಂದ. ಶಿವು ಬೆಸುಗೆ ಹಾಕಿಕೊಟ್ಟ. ಹುಡುಗ ದೊಡ್ಡ ನೋಟು ನೀಡಿದ, ಮಾವನ ಹತ್ತಿರ ಚಿಲ್ಲರೆ ಇರಲಿಲ್ಲ. ಚಿಲ್ಲರೆ ಇಲ್ಲದಿದ್ದರೆ ಪೆಪ್ಪರ್‌ಮಿಂಟು ಕೊಟ್ಟು ಸಾಗಹಾಕುವುದು ನಮ್ಮ ಕಡೆಯ ಪದ್ಧತಿ. ಆ ಪುಣ್ಯಾತ್ಮ ಅದನ್ನು ಎಲ್ಲೋ ನೋಡಿ ಕಲಿತಿದ್ದನೆಂದು ಕಾಣುತ್ತದೆ. ನೋಟನ್ನು ವಾಪಸ್ಸು ಜೇಬಿಗಿಳಿಸಿ, ಚೀಲದಿಂದ ಒಂದು ಕ್ಯಾಸೆಟ್ಟು ತೆಗೆದು ಇಟ್ಟು, ನಗುತ್ತ ಹೊರಟೇಹೋದ. ಮಾವ ಬಾಯಿಗೆ ಬಂದಂತೆ ಬೈದ. ಬೈದದ್ದು ಹುಡುಗನನ್ನಲ್ಲ, ಶಿವುವನ್ನು.

ಕ್ಯಾಸೆಟ್ಟು ಹಾಕಿದರೆ, ಮೊದಲು ಟೇಪು ಸಿಕ್ಕಿಕೊಂಡಿತು ಅಂದುಕೊಂಡ. ತೆಗೆದು ಪೆನ್ಸಿಲ್ಲಿನಿಂದ ತಿರುವಿ ಮತ್ತೆ ಹಾಕಿದ. ಅದೇ ಗದ್ದಲ. ನಾಲ್ಕು ಜನ ಜಗಳವಾಡುತ್ತ ಪಾತ್ರೆ ಅಂಗಡಿಗೆ ನುಗ್ಗಿದ ಹಾಗೆ. ಶುರುವಾಯಿತು ಅನ್ನುವಷ್ಟರಲ್ಲಿ ಹಾಡು ಮುಗಿದು ಇನ್ನೊಂದು ಜಗಳ ಶುರುವಾಗುತ್ತಿತ್ತು. ಶಿವುವಿಗೆ ಮೈ ಜುಮ್ಮೆಂದಿತು. ಅಕ್ಕಸಾಲಿಗರ ಮನೆಯಲ್ಲಿ ಹುಟ್ಟಿದವನಿಗೆ ಬುದ್ಧಿ ತಿಳಿದಾಗಿನಿಂದ ಒಂದೇ ಪಾಠ: ಮೆಲ್ಲಗೆ ಊದು, ಮೆಲ್ಲಗೆ ತಟ್ಟು, ಗಿರಾಕಿ ಮುಂದೆ ಮೆಲ್ಲಗೆ ಮಾತಾಡು. ಲೋಕದಲ್ಲಿ ಹೀಗೆ ಗಂಟಲು ಹರಿಯುವಂತೆ ಕಿರುಚಿಕೊಂಡೂ ಬದುಕಬಹುದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಒಬ್ಬ ಹುಡುಗನ ಚಿತ್ರ, ಅವನ ಕಿವಿಯಲ್ಲಿ ಪಿನ್ನು. ಈ ಸಂಗೀತಕ್ಕೆ ಪಂಕ್ ಎಂದು ಹೆಸರು, ಇದನ್ನು ಕೇಳುವವರು ಹೀಗೆ ಪಿನ್ನು ಚುಚ್ಚಿಕೊಂಡು ಸಮಾಜಕ್ಕೆ ಸೆಡ್ಡು ಹೊಡೆಯುತ್ತಾರೆ ಎಂದು ಆಮೇಲೆ ತಿಳಿಯಿತು.

ಕೆಲಸ ಕಲಿತು ಪಾಂಡವಪುರಕ್ಕೆ ವಾಪಸ್ಸು ಬಂದವನು ತಾನೂ ಸೆಡ್ಡು ಹೊಡೆದ. ಹೊಸದಾಗಿ ತೂತು ಕೊರೆಯುವ ಕಷ್ಟವೂ ಇರಲಿಲ್ಲ. ಕೂಸಾಗಿದ್ದಾಗ ಅಪ್ಪನೇ ಶಾಸ್ತ್ರೋಕ್ತವಾಗಿ ಚುಚ್ಚಿದ್ದ ತೂತಿಗೇ ಬಂಡಾಯವನ್ನು ಸಿಕ್ಕಿಸಿಕೊಂಡ. ಎದೆಯುಬ್ಬಿಸಿಕೊಂಡು ಬೀದಿಗಿಳಿದ. ಮೊದಲು ಎದುರಾದವಳು ಸೊಪ್ಪಿನ ಚಿಕ್ಕಬೋರಮ್ಮ.

"ಲೇ ಶಿವು, ನಿಂತ್ಕೊಳ್ಲಾ," ಅಂದಳು.

ಶಿವು ಪಿನ್ನು ಚೆನ್ನಾಗಿ ಕಾಣುವಂತೆ ಕಿವಿ ತಿರುಗಿಸಿ ನಿಂತ. ಬಂತು, ಬೈಗುಳ ಬಂತು.

"ನನ್ ಮೆಟ್ಟು ಉಂಗುಷ್ಟ ಕಿತ್ತೋಗದೆ. ಆ ಪಿನ್ನು ವಸಿ ಕೊಡು ಮಗ. ಪುಣ್ಯ ಬತ್ತದೆ ನಿಂಗೆ."

ಏನು ಮಾಡುತ್ತೀರಿ ಸ್ವಾಮಿ! ಲಂಡನ್ನಿನಲ್ಲಿ ಪಿನ್ನು ಕಂಡು ಜನ ಬೆಚ್ಚಿಬಿದ್ದಿರಬಹುದು. ಮಂಡ್ಯ ಸೀಮೆಯಲ್ಲಿ ಪಿನ್ನಿಲ್ಲದ ಹೆಂಗಸು ಉಂಟೇ? ಬಳೆಯಲ್ಲಿ ಒಂದು ಗೊಂಚಲು, ತಾಳಿ ಸರದಲ್ಲಿ ಇನ್ನೊಂದು ಗೊಂಚಲು. ಸೆರಗಿಗೆ, ಚೀಲಕ್ಕೆ, ಕೂಸಿನ ಬಟ್ಟೆಗೆ, ಕಾಲಿಗೆ ಚುಚ್ಚಿದ ಮುಳ್ಳಿಗೆ, ಎಲ್ಲಕ್ಕೂ ಅದೇ. ಶಿವುವಿನ ತಾಯಿ ವರಲಕ್ಷ್ಮಮ್ಮನ ಕೊರಳಲ್ಲೇ ಲಂಡನ್ನಿನ ಅರ್ಧ ಬೀದಿಗೆ ಸಾಲುವಷ್ಟು ಪಿನ್ನುಗಳಿದ್ದವು. ಚಿಕ್ಕಬೋರಮ್ಮನಿಗೆ ಕೊಟ್ಟ ಪಿನ್ನು ವಾಪಸ್ಸು ಬರಲಿಲ್ಲ. ಮರುದಿನ ಹೊಸದು ಹಾಕಿಕೊಂಡರೆ ಅದನ್ನು ಬಸ್ಸಿನಲ್ಲಿ ಯಾರೋ ಮಾಸ್ತರು ಬ್ಯಾಗಿನ ಜಿಪ್ಪಿಗೆ ಇಸಕೊಂಡರು. ಅಂತೂ ಊರಿನಲ್ಲಿ ಒಂದು ತಿಳಿವಳಿಕೆ ಬೆಳೆಯಿತು: ಪಿನ್ನು ಬೇಕಾದರೆ ಪಿನ್ನಾಚಾರಿಯ ಕಿವಿ ನೋಡಿ.

ಮಂಡಿ ಹರಿದ ಪ್ಯಾಂಟು ಹಾಕಿದ. ಬೆಳಗ್ಗೆ ಎದ್ದರೆ ವರಲಕ್ಷ್ಮಮ್ಮ ಅದಕ್ಕೆ ತೇಪೆ ಹಾಕಿ ಮಡಚಿಟ್ಟಿದ್ದಳು. ಹರಳೆಣ್ಣೆ ಹಚ್ಚಿ ಕೂದಲನ್ನು ನೆಟ್ಟಗೆ ನಿಲ್ಲಿಸಿದ. "ಉಷ್ಣ ಜಾಸ್ತಿ ಆಗದಾ ಮಗ? ಒಳ್ಳೇದು, ಎಣ್ಣೆ ಬುಡಬೇಡ," ಎಂದರು ಹಿರಿಯರು. ಇನ್ನು ಅಪ್ಪ ಶ್ರೀನಿವಾಸಾಚಾರಿ. ಕನ್ನಡಕ ಮೇಲೆತ್ತಿ ಪಿನ್ನನ್ನು ಒಂದು ಗಳಿಗೆ ನೋಡಿ, "ಕಬ್ಬಿಣ ಕಣಪ್ಪಾ ಅದು, ಸೆಪ್ಟಿಕ್ ಆಗ್ತದೆ. ಪಿನ್ನೇ ಬೇಕು ಅಂದ್ರೆ ಚಿನ್ನದ್ದು ಮಾಡ್ಕೊ," ಅಂದ. ಕೋಪವಿಲ್ಲ ಏನಿಲ್ಲ. ಶಿವು ಹಟಕ್ಕೆ ಬಿದ್ದು ನಿಜವಾಗಿಯೂ ಚಿನ್ನದ ಪಿನ್ನೊಂದನ್ನು ಮಾಡಿದ. ಅದನ್ನು ಕಂಡ ಗಿರಾಕಿಯೊಬ್ಬಳು ಮಗಳ ಮದುವೆ ಸೀರೆಗೆ ಅಂಥದ್ದೇ ಬೇಕು ಎಂದಳು. ಆರು ತಿಂಗಳಲ್ಲಿ ಕೆ.ಆರ್. ಪೇಟೆಯಿಂದ, ನಾಗಮಂಗಲದಿಂದ ಜನ ಬಸ್ಸು ಹತ್ತಿ ಬಂದು ಪಿನ್ನಾಚಾರಿ ಮಾಡೆಲ್ಲು ಇದೆಯಾ ಎಂದು ವಿಚಾರಿಸುವಂತಾಯಿತು. ಅಂಗಡಿಗೆ ಹೊಸ ಗಾಜಿನ ಬೀರು ಬಂತು. ಸಮಾಜಕ್ಕೆ ಸೆಡ್ಡು ಹೊಡೆಯಲು ಹೋದವನನ್ನು ಸಮಾಜ ಒಳ್ಳೆ ಕಸುಬುದಾರ ಅಂತ ಹೊಗಳಿಬಿಟ್ಟಿತು.

ಇದೆಲ್ಲಕ್ಕಿಂತ ದೊಡ್ಡ ಸಂಕಟ ಒಂಟಿತನ. ಕೇಳಿದ್ದನ್ನು ಹೇಳಿಕೊಳ್ಳಲು ಒಂದು ನರಪಿಳ್ಳೆ ಇರಲಿಲ್ಲ. ಬೆಳ್ಳೂರು ಕ್ರಾಸಿನ ಕ್ಯಾಸೆಟ್ ಅಂಗಡಿಯಲ್ಲಿ ಪಂಕ್ ಇದೆಯಾ ಎಂದು ಕೇಳಿದರೆ, "ಪಂಖ ಬೇಕಾ? ಪಕ್ಕದಂಗ್ಡಿ, ಟೇಬಲ್ಲಿಂದೂ ಅವೆ, ಸೀಲಿಂಗಿಂದೂ ಅವೆ," ಎಂದು ಕೈ ತೋರಿಸಿದ್ದರು.

ಹಾಗಿರುವಾಗ ಟೇಪ್‌ರೆಕಾರ್ಡರು ಕೆಟ್ಟಿತು. ಒಳಗಿದ್ದ ಕ್ಯಾಸೆಟ್ಟಿನ ಸಮೇತ ಮೋಟಾರು ರಿವೈಂಡಿಂಗ್ ಅಂಗಡಿಯ ಅಶೋಕನಿಗೆ ಕೊಟ್ಟು ಬಂದ. ಅಶೋಕ ಕಾಲೋನಿಯ ಹುಡುಗ, ನಾಲೆಯ ನೀರುಗಂಟಿಯಾಗಿದ್ದ ತಮ್ಮಯ್ಯನ ಮಗ. ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಐ.ಟಿ.ಐ. ಮಾಡಿ ಬಂದಿದ್ದ. ಸಂಜೆ ಶಿವು ಹೋಗಿ ನೋಡುತ್ತಾನೆ, ಅಂಗಡಿಯ ಬಾಗಿಲು ನಡುಗುತ್ತಿದೆ! ಒಳಗೆ ಆ ಕ್ಯಾಸೆಟ್ಟು ಪೂರ್ತಿ ದನಿಯಲ್ಲಿ ಕಿರುಚುತ್ತಿದೆ, ಅಶೋಕ ಪಂಪುಸೆಟ್ಟಿನ ಮೇಲೆ ಸ್ಪ್ಯಾನರಿನಿಂದ ತಾಳ ಹಾಕುತ್ತ ಕಣ್ಣು ಮುಚ್ಚಿ ಕುಳಿತಿದ್ದಾನೆ.

"ಇದು ನಿಮ್ದಾ?" ಎಂದ ಅಶೋಕ, ಕಣ್ಣು ಬಿಟ್ಟು. "ಹಾಸ್ಟೆಲಲ್ಲಿ ಒಬ್ಬ ಸೀನಿಯರ್ ಹತ್ರ ಕೇಳಿದ್ದೆ. ಈ ಕಡೆ ಯಾರೂ ಇರಾಕಿಲ್ಲ ಅಂದ್ಕಂಡಿದ್ದೆ."

"ನಾನೂ ಅಂಗೇ ಅಂದ್ಕಂಡಿದ್ದೆ ಕಣ್ಲಾ!" ಎಂದ ಶಿವು. ಮೊದಲ ಭೇಟಿಯಲ್ಲೇ ಲಾ ಅಂದುಬಿಟ್ಟ, ಅಷ್ಟು ಖುಷಿ. ಅಶೋಕನೂ ಎರಡನೆಯ ಭೇಟಿಗೆ ಲಾ ಅಂದ. ಅಣ್ಣತಮ್ಮಂದಿರಿಲ್ಲದ ಶಿವುವಿಗೆ ಆ ಒಂದು ಅಕ್ಷರ ಸಕ್ಕರೆಯಂತೆ ರುಚಿಸಿತು.

ಅಲ್ಲಿಂದ ಪ್ರತಿ ಭಾನುವಾರ ಸಂಜೆ ಊರಾಚೆಯ ರೈಲ್ವೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಸಭೆ. ಮಧ್ಯದಲ್ಲಿ ಟೇಪ್‌ರೆಕಾರ್ಡರು, ಕಾಗದದ ಪೊಟ್ಟಣದಲ್ಲಿ ಕಡ್ಲೆಪುರಿ, ಒಂದೇ ಲೋಟದಲ್ಲಿ ಒಬ್ಬರಾದ ಮೇಲೊಬ್ಬರು ಟೀ. ನಾಲ್ಕು ವರ್ಷದಲ್ಲಿ ಒಬ್ಬರ ಮನೆಗೆ ಒಬ್ಬರು ಹೋದವರಲ್ಲ. ಯಾಕೆ ಎಂದು ಶಿವು ಯೋಚಿಸಿದವನೂ ಅಲ್ಲ. ಸ್ಟೇಷನ್ನಿನಲ್ಲಿ ಗಾಳಿ ಚೆನ್ನಾಗಿರುತ್ತದೆ ಎಂದುಕೊಂಡಿದ್ದ.

ಸಭೆಯ ವಿಷಯ ಯಾವಾಗಲೂ ಒಂದೇ: ಯಾವ ಬ್ಯಾಂಡು ಉಳಿಯುತ್ತದೆ, ಯಾವುದು ಉಳಿಯಬಾರದು. ಮೈಸೂರಿನ ಫುಟ್‌ಪಾತಿನಿಂದ ತೂಕಕ್ಕೆ ತಂದ ಹಳೆಯ ಇಂಗ್ಲಿಷ್ ಪತ್ರಿಕೆಗಳೇ ಇಬ್ಬರಿಗೂ ಆಧಾರ. ಅರ್ಥವಾಗದ ಕಡೆ ಅಶೋಕ ಹೇಳಿದ್ದೇ ಅರ್ಥ. ಶಿವು ಮಾತ್ರ ಎಲ್ಲರನ್ನೂ ಒರೆಗಲ್ಲಿಗೆ ಹಚ್ಚುತ್ತಿದ್ದ. ಅವನಿಗೆ ಗೊತ್ತಿದ್ದ ವಿಮರ್ಶೆ ಅದೊಂದೇ. ರಮೋನ್ಸ್ ಅಂತ ಒಂದು ಗುಂಪು, ಅಣ್ಣತಮ್ಮಂದಿರಲ್ಲದ ನಾಲ್ವರು ಒಂದೇ ಅಡ್ಡಹೆಸರು ಇಟ್ಟುಕೊಂಡವರು. "ನಮ್ಮಲ್ಲಿ ಎಲ್ರೂ ಆಚಾರಿ ಅನ್ನಾಕಿಲ್ವಾ, ಅಂಗೆ," ಎಂದು ಶಿವು ಅವರನ್ನು ಕುಲಬಾಂಧವರಂತೆ ಒಪ್ಪಿಕೊಂಡು ಇಪ್ಪತ್ತೆರಡು ಕ್ಯಾರೆಟ್ಟು ಕೊಟ್ಟಿದ್ದ. ಕ್ಲ್ಯಾಶ್ ಗುಂಪಿನವರು ದೊಡ್ಡ ರೆಕಾರ್ಡ್ ಕಂಪನಿಗೆ ರುಜು ಹಾಕಿದರಲ್ಲ ಎಂದು ಅಶೋಕ ಮೂಗು ಮುರಿದರೆ, "ತಾಮ್ರ ಬೆರ್ತದೆ, ಒಪ್ತೀನಿ. ತಾಮ್ರ ಬೆರೀದೆ ಒಡವೆ ನಿಲ್ಲಾಕಿಲ್ಲ ಕಣ್ಲಾ," ಎಂದು ವಾದಿಸುತ್ತಿದ್ದ. ಎಕ್ಸ್-ರೇ ಸ್ಪೆಕ್ಸ್ ಎಂಬ ಗುಂಪಿನಲ್ಲಿ ಹಲ್ಲಿಗೆ ತಂತಿ ಹಾಕಿಸಿಕೊಂಡೇ ಹಾಡಿದ ಹುಡುಗಿಯ ವಿಷಯದಲ್ಲಿ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಶಿವುವಿನ ಅಪರಂಜಿ ಎಂದರೆ ಸೆಕ್ಸ್ ಪಿಸ್ಟಲ್ಸ್. ಹೆಸರಿನ ಮೊದಲ ಪದವನ್ನು ಅವನು ಮನೆಯಲ್ಲಿ ಹೇಳುತ್ತಿರಲಿಲ್ಲ, ಅಮ್ಮ ಇರುತ್ತಾಳೆ. ಬಂಡಾಯಕ್ಕೂ ಒಂದು ಮರ್ಯಾದೆ ಬೇಡವೇ. ಅಶೋಕನ ಪಕ್ಷ ಕ್ರಾಸ್ ಎಂಬ ಗುಂಪಿನದು. ಅವರು ಒಟ್ಟಿಗೆ ಒಂದೇ ಮನೆಯಲ್ಲಿ ಬದುಕಿದವರು, ರೆಕಾರ್ಡಿನ ಹೊದಿಕೆಯ ಮೇಲೆಯೇ ಇಷ್ಟಕ್ಕಿಂತ ಹೆಚ್ಚು ಕಾಸು ಕೊಡಬೇಡಿ ಎಂದು ಅಚ್ಚು ಹಾಕಿಸಿದವರು.

"ಆಡೋದು ಯಾರ್ ಬೇಕಾದ್ರೂ ಆಡ್ತಾರೆ," ಅನ್ನುತ್ತಿದ್ದ ಅಶೋಕ. "ಆಡ್ದಂಗೆ ಬದುಕ್ದೋರು ಯಾರು ಅಂತ ನೋಡ್ಲಾ. ನಿನ್ ಪಿಸ್ಟಲ್ಸಿನ ಮ್ಯಾನೇಜರು ಬಟ್ಟೆ ಅಂಗ್ಡಿ ಮಡಗಿದ್ದೋನು."

"ಬಟ್ಟೆ ಅಂಗ್ಡಿ ಮಡಗಿದ್ರೇನು? ನೀನ್ ಮೊದ್ಲು ನಿನ್ ಬಟ್ಟೆ ನೋಡ್ಕೊ. ಇಸ್ತ್ರಿ ಶರ್ಟು, ಇನ್‌ಶರ್ಟು, ಬೆಲ್ಟು! ಪಂಕೇನ್ಲಾ ನೀನು? ಬ್ಯಾಂಕ್ ಮ್ಯಾನೇಜರ್ ಇದ್ದಂಗಿದ್ದೀಯೆ."

"ನಾನು ಇಸ್ತ್ರಿ ಬಟ್ಟೆ ಆಕ್ಕಂಡು ಪೇಟೆ ಬೀದೀಲಿ ಒಂಟ್ರೇ ಕೆಲವ್ರು ಉರ್ಕಂಡು ನೋಡ್ತಾರೆ," ಎಂದ ಅಶೋಕ, ಕಡ್ಲೆಪುರಿ ಬಾಯಿಗೆ ಹಾಕಿಕೊಳ್ಳುತ್ತ. "ನಂಗ್ಯಾಕ್ಲಾ ಹರಕು ಪ್ಯಾಂಟು?"

ಶಿವು ಹೊಟ್ಟೆ ಹಿಡಿದುಕೊಂಡು ನಕ್ಕ. ತಮಾಷೆ ಎಂದುಕೊಂಡಿದ್ದ.

ತೊಂಬತ್ತಾರರಲ್ಲಿ ಶಿವುವಿನ ತಲೆಯ ಮೇಲೆ ಕಲ್ಲು ಬಿತ್ತು. ಪಿಸ್ಟಲ್ಸ್ ಮುರಿದುಬಿದ್ದು ಹದಿನೆಂಟು ವರ್ಷವಾದ ಮೇಲೆ ಮತ್ತೆ ಒಂದಾಗಿ ಊರೂರು ಸುತ್ತುತ್ತಿದ್ದಾರೆ, ದುಡ್ಡಿಗಾಗಿಯೇ ಬಂದಿದ್ದೇವೆ ಎಂದು ಅವರೇ ಬಾಯಿಬಿಟ್ಟು ಹೇಳಿದ್ದಾರೆ ಎಂದು ಪೇಪರಿನಲ್ಲಿ ಬಂತು. ಶಿವು ಆ ಭಾನುವಾರ ಸ್ಟೇಷನ್ನಿಗೆ ಸೂತಕದ ಮುಖ ಹೊತ್ತುಕೊಂಡು ಬಂದ. ಅಶೋಕ ಗೆದ್ದೆ ಎಂದು ಕುಣಿಯುತ್ತಾನೆ ಎಂದುಕೊಂಡಿದ್ದ, ಅವನು ಕುಣಿಯಲಿಲ್ಲ.

"ಗಿಲೀಟು ಕಣ್ಲಾ," ಎಂದ ಶಿವು. ಅಕ್ಕಸಾಲಿಗನ ಬಾಯಲ್ಲಿ ಅದಕ್ಕಿಂತ ಕೆಟ್ಟ ಬೈಗುಳವಿಲ್ಲ. "ಮೇಲೆ ಒಂದು ಲೇಪ, ಒಳಗೆ ಇತ್ತಾಳೆ. ನಾನು ಅವರ್ನ ನಂಬಿ ಕಿವಿಗೆ ಪಿನ್ನು ಆಕ್ಕಂಡೆ."

"ಪಿನ್ನು ಏನ್ ಮಾಡ್ತು ನಿಂಗೆ? ಪಿನ್ನು ಅವರಪ್ಪಂದಾ? ನಮ್ಮವ್ವನ ಬಳೇಲೂ ಅದೆ. ನೀನು ಸುಮ್ಕೆ ಆಕ್ಕೊ."

ಇಂಥ ಮಾತು ಹೇಳುವವನು ನಾಲ್ಕು ತಾಲ್ಲೂಕಿಗೆ ಇವನೊಬ್ಬನೇ ಎಂದು ತಿಳಿದು, ಶಿವುವಿಗೆ ಅವನ ಮೇಲೆ ತಡೆಯಲಾರದ ಪ್ರೀತಿ ಬಂತು. "ಅಂಗಾದ್ರೆ ನೀನೂ ಆಕ್ಕೊ," ಎಂದ. "ನಾನೇ ಬೆಳ್ಳೀದು ಮಾಡಿ ಚುಚ್ತೀನಿ. ಇಬ್ರೂ ಒಂದೇ ಥರ ಇರನ."

ಅಶೋಕ ತನ್ನ ಕಿವಿಯ ಹಾಲೆಯನ್ನು ಮುಟ್ಟಿಕೊಂಡ. ಆಮೇಲೆ ಹೇಳಿದ: "ನನ್ ಕಿವಿ ಚುಚ್ಚಿಸಿಲ್ಲ ಕಣ್ಲಾ. ನಮ್ಮಪ್ಪಂಗೆ ಚುಚ್ಚೋವಾಗ ಯಾವ್ದೋ ಆಚಾರ್ರ ಅಟ್ಟಿ ಜಗಲಿ ಮೇಲೆ ಕೂರಿಸಿದ್ರಂತೆ. ಒಳಗೆ ಮಣೆ ಇದ್ರೂ ಆಚೇಲೆ. ನನ್ ಮಗ ಯಾರ ಜಗಲಿ ಮೇಲೂ ಕೂರದು ಬ್ಯಾಡ, ಬೋಳು ಕಿವೀಲೆ ಇರ್ಲಿ ಅಂದ್ಬುಟ್ಟ ನಮ್ಮಪ್ಪ."

"ಥೂ, ಆ ಕಾಲ ಬುಡ್ಲಾ!" ಎಂದು ಶಿವು ಅವನ ತೊಡೆಗೆ ಗುದ್ದಿದ. "ನಮ್ಮಂಗ್ಡಿ ಒಳಗೆ ದೇವ್ರ ಪಟದ ಕೆಳಗೆ ಮಣೆ ಆಕಿ ಕೂರಿಸ್ತೀನಿ. ನಾನ್ಯಾರು ಅಂದ್ಕಂಡಿದ್ದೀಯೆ?"

ಅಶೋಕ ಅವನನ್ನೇ ನೋಡಿದ. ಆಮೇಲೆ ನಕ್ಕು, ಆಯ್ತು ಅಂದ.

ಆ ವಾರ ಪೂರ್ತಿ ಶಿವು ಬೆಳ್ಳಿಯ ಪಿನ್ನಿನ ಮೇಲೆ ಕುಳಿತ. ಮೊನೆಯನ್ನು ಉಜ್ಜಿ ಉಜ್ಜಿ ನಯ ಮಾಡಿದ. ಪಿನ್ನಿನ ತಲೆಯ ಗುಬುಟನ್ನು ತನ್ನದಕ್ಕಿಂತ ಚೆನ್ನಾಗಿ ತಿರುವಿದ. ಭಾನುವಾರ ಬೆಳಗ್ಗೆ ಅಂಗಡಿ ಗುಡಿಸಿ, ದೇವರ ಪಟಕ್ಕೆ ಹೂವು ಮುಡಿಸಿ, ಕೆಳಗೆ ಮಣೆ ಹಾಕಿ, ಸೂಜಿಯನ್ನು ಬಿಸಿನೀರಿನಲ್ಲಿ ಕುದಿಸಿ ಇಟ್ಟ. ಅಪ್ಪ ಕುಲುಮೆಯ ಮುಂದೆ ಊದುಗೊಳವೆ ಹಿಡಿದು ಕುಳಿತಿದ್ದ. ಯಾರಿಗೆ ಇದೆಲ್ಲ ಎಂದು ಕೇಳಲಿಲ್ಲ, ಶಿವುವೂ ಹೇಳಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ನಂಜಪ್ಪ ಬಂದರು. ಊರಿಗೆ ದೊಡ್ಡ ಕುಳ, ಮಗಳ ಮದುವೆಯ ಒಡವೆಗಳನ್ನೆಲ್ಲ ಇಲ್ಲಿಗೇ ಕೊಟ್ಟವರು. ಬೆಂಚಿನ ಮೇಲೆ ಕಾಲು ಮಡಚಿ ಕುಳಿತು ತಾಳಿಬೊಟ್ಟಿನ ಮಾತು ತೆಗೆದರು. ಅವರು ಕುಳಿತ ಸ್ವಲ್ಪ ಹೊತ್ತಿಗೇ ಅಶೋಕ ಬಂದ. ಬಿಳಿ ಶರ್ಟು, ಹೊಸ ಇಸ್ತ್ರಿ. ಕಿವಿ ಚುಚ್ಚಿಸುವುದು ಶುಭಕಾರ್ಯ, ಬರಿಗೈಲಿ ಹೋಗಬಾರದು ಎಂದು ತಾಯಿ ಯಶೋದಮ್ಮ ವೀಳ್ಯದೆಲೆ, ಅಡಿಕೆ, ಮೇಲೊಂದು ನಾಣ್ಯ ಇಟ್ಟು ಕಳಿಸಿದ್ದಳು. ಅದನ್ನು ಅಂಗೈಯಲ್ಲಿ ಹಿಡಿದುಕೊಂಡು, ಚಪ್ಪಲಿ ಬಿಟ್ಟು, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಶಿವುವನ್ನು ನೋಡಿ ನಕ್ಕ.

ನಂಜಪ್ಪ ಅಶೋಕನನ್ನು ನೋಡಿದರು. ಮಣೆಯನ್ನು ನೋಡಿದರು. ಆಮೇಲೆ ಶಿವುವನ್ನು ನೋಡಿದರು. ಅಷ್ಟೇ. ಅಪ್ಪನೂ ತಲೆಯೆತ್ತಲಿಲ್ಲ.

ನೋಡಿ, ಊರನ್ನು ಬೆಚ್ಚಿಬೀಳಿಸಬೇಕು ಎಂದು ಇಷ್ಟು ವರ್ಷ ಹರಳೆಣ್ಣೆ ಹಚ್ಚಿಕೊಂಡು ಒದ್ದಾಡಿದವನಿಗೆ ಆ ಅವಕಾಶ ತಾನಾಗಿ ನಡೆದು ಬಂದು ಬಾಗಿಲಲ್ಲಿ ನಿಂತಿತ್ತು. ಹರಕು ಪ್ಯಾಂಟು ಬೇಕಿರಲಿಲ್ಲ, ಗಿಟಾರು ಬೇಕಿರಲಿಲ್ಲ. ಬಾರೋ ಒಳಗೆ ಎಂಬ ಎರಡು ಪದ ಸಾಕಿತ್ತು. ಅಷ್ಟೂ ಬೇಡ, ಸುಮ್ಮನೆ ಮಣೆಯ ಕಡೆ ಕೈ ತೋರಿಸಿದ್ದರೂ ಆಗುತ್ತಿತ್ತು. ಬೇಡ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಶಿವು ಸೂಜಿ ಹಿಡಿದುಕೊಂಡು ಹೊಸಲಿಗೆ ಬಂದ. ಬಾಯಿ ತಾನಾಗಿ ತೆರೆದುಕೊಂಡಿತು.

"ಇಲ್ಲೇ ಜಗಲಿ ಮೇಲೆ ಕುಂತ್ಕೊಳ್ಲಾ," ಎಂದ. "ಬೆಳಕು ಚೆನ್ನಾಗದೆ."

ಅಶೋಕ ಅವನ ಭುಜದಾಚೆಗೆ ನೋಡಿದ. ಒಳಗೆ ಮಣೆಯ ನೆತ್ತಿಯ ಮೇಲೆ ಟ್ಯೂಬ್‌ಲೈಟು ಝಗಝಗ ಉರಿಯುತ್ತಿತ್ತು. ಅದನ್ನು ಹೋದ ತಿಂಗಳು ರಿಪೇರಿ ಮಾಡಿಕೊಟ್ಟವನು ಅಶೋಕನೇ, ತನ್ನ ಅಂಗಡಿಗೆ ತರಿಸಿಕೊಂಡು.

ಅಶೋಕ ಹೊರಟುಹೋಗುತ್ತಾನೆ ಎಂದು ಶಿವುವಿಗೆ ಅನ್ನಿಸಿತು. ಹೋಗಲಿ ಎಂದೂ ಒಂದು ಗಳಿಗೆ ಅನ್ನಿಸಿತು, ಹೋದರೆ ಸಂಜೆ ಸ್ಟೇಷನ್ನಿನಲ್ಲಿ ಕಾಲು ಹಿಡಿದು ಬೇಡಿಕೊಳ್ಳಬಹುದು. ಅಶೋಕ ಹೋಗಲಿಲ್ಲ. ಮೆಟ್ಟಿಲಿನಿಂದ ಕಾಲು ತೆಗೆದು, ಜಗಲಿಯ ಅಂಚಿಗೆ ಬಂದು, ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತು ಕಿವಿ ಕೊಟ್ಟ. ಸೂಜಿ ಒಳಗೆ ಹೋಯಿತು, ರಕ್ತದ ಒಂದು ಹನಿ ಬಂತು, ಅಶೋಕ ಹಾ ಅನ್ನಲಿಲ್ಲ. ಬೆಳ್ಳಿಯ ಪಿನ್ನು ಕಪ್ಪು ಕಿವಿಗೆ ಏನು ಚೆನ್ನಾಗಿ ಒಪ್ಪಿತು!

"ನೋವಾಯ್ತೇನ್ಲಾ?" ಎಂದ ಶಿವು ಮೆಲ್ಲಗೆ.

ಅಶೋಕ ಎದ್ದ. ಎಲೆ ಅಡಿಕೆ ಇನ್ನೂ ಅವನ ಅಂಗೈಯಲ್ಲೇ ಇತ್ತು. ಶಿವು ಎರಡೂ ಕೈ ಚಾಚಿದ. ಅಶೋಕ ಆ ಕೈಗಳಿಗೆ ಕೊಡಲಿಲ್ಲ. ಬಗ್ಗಿ ಜಗಲಿಯ ಕಲ್ಲಿನ ಮೇಲೆ ಇಟ್ಟು, ಒಂದು ಹೆಜ್ಜೆ ಹಿಂದಕ್ಕೆ ಸರಿದು ನಿಂತ. ಅವನಪ್ಪನ ಕಾಲದವರು ಕೈ ತಾಗದಿರಲಿ ಎಂದು ಹಾಗೆ ಇಟ್ಟು ಸರಿಯುತ್ತಿದ್ದರು.

"ತಗಳಿ ಆಚಾರ್ರೇ," ಎಂದ.

"ಲೇ ಅಶೋಕ... ನಾನು ಕಣ್ಲಾ, ಶಿವು..."

"ಒಳಗೆ ದೊಡ್ಡೋರು ಕಾಯ್ತಾವ್ರೆ ಆಚಾರ್ರೇ. ನೀವ್ ನಡೀರಿ, ನಾನ್ ಬತ್ತೀನಿ."

ಕೈ ಮುಗಿದ. ವ್ಯಂಗ್ಯವಾಗಿ ಅಲ್ಲ, ನೀಟಾಗಿ, ಪೂರ್ತಿಯಾಗಿ ಮುಗಿದ. ಚಪ್ಪಲಿಯನ್ನು ಕೈಯಲ್ಲಿ ಎತ್ತಿಕೊಂಡು ಬೀದಿಯ ತಿರುವಿನವರೆಗೆ ಬರಿಗಾಲಿನಲ್ಲಿ ನಡೆದು, ಅಲ್ಲಿ ಮೆಟ್ಟಿಕೊಂಡ. ಒಂದು ಸಲವೂ ತಿರುಗಿ ನೋಡಲಿಲ್ಲ.

ಒಳಗಿನಿಂದ ನಂಜಪ್ಪನ ದನಿ ಬಂತು: "ಕಾಲೋನೀಲಿ ಯಾರ ಮಗನ್ಲಾ ಅವ್ನು? ಈ ಕಾಲ್ದಲ್ಲೂ ಎಷ್ಟು ಮರ್ವಾದೆ ಕಲ್ತವ್ನೆ ನೋಡು. ನಿಂಗೂ ಒಳ್ಳೆ ಎಸ್ರಾಯ್ತು ಬುಡು, ಕೈ ಮುಗ್ಯಂಗಾದ್ರು ಜನ."

ಶಿವು ಬಗ್ಗಿ, ಕಲ್ಲಿನ ಮೇಲಿದ್ದ ಎಲೆ ಅಡಿಕೆಯನ್ನು ಎತ್ತಿಕೊಂಡ.